ಒಣಮೀನಿನಿಂದ ಡಬ್ಬಿ ಮೀನಿನವರೆಗೆ

ಬೊರಿವಲಿಯಲ್ಲಿ ನಮ್ಮ ಮನೆಯ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ ಬಿಸ್ಕೀಟು, ಚಹಾಪುಡಿ ದಾಟಿ ಎಡಕ್ಕೆ ತಿರುಗಿದರೆ ಒಂದು ಸಣ್ಣ ಕಪಾಟು ಉಂಟು. ಅದರಲ್ಲಿ ಡಬ್ಬಿ ಮೀನು, ಚೀಲದ ಮೀನು. ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಮಸಾಲೆ ಹಚ್ಚಿದ್ದು, ಕರಿದು ಇಟ್ಟದ್ದು, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿದ್ದು. ಎರಡು ವರ್ಷದಿಂದ ನಾನು ವಾರಕ್ಕೊಮ್ಮೆ ಅಲ್ಲಿ ಕನ್ನಡಕ ಏರಿಸಿ ನಿಲ್ಲುತ್ತೇನೆ. ಬೆನ್ನ ಹಿಂದೆ ಯಾರಾದರೂ ತುಳು ಮಾತಾಡುವುದು ಕೇಳಿಸಿದರೆ ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ವಾಪಸ್ಸಿಟ್ಟು ಚಹಾಪುಡಿಯ ಕಡೆ ಸರಿಯುತ್ತೇನೆ.

ಯಾಕೆಂದರೆ ನಾನು ಮಲ್ಪೆಯವನು. ಅದರಲ್ಲೂ ಮೊಗವೀರ. ಅಪ್ಪ ರಂಪಣಿ ಬಲೆಯಲ್ಲಿ ಪಾಲು ಇದ್ದವರು, ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿದವರು. ಅಂಥವರ ಮಗ ಡಬ್ಬಿಯಲ್ಲಿ ಮೀನು ಕೊಳ್ಳುವುದೆಂದರೆ ಉಡುಪಿ ಹೋಟೆಲಿನವನು ಪ್ಯಾಕೆಟ್ ಇಡ್ಲಿ ತಿಂದ ಹಾಗೆ. ಆದರೆ ಒಂದು ಸತ್ಯ ಹೇಳಿಬಿಡುತ್ತೇನೆ. ನಮ್ಮಲ್ಲಿ ಗಂಡಸಿಗೆ ಮೀನು ಹಿಡಿಯಲು ಗೊತ್ತು, ಹೆಂಗಸಿಗೆ ಮಾರಲು, ಕೊಯ್ಯಲು, ಬೇಯಿಸಲು ಗೊತ್ತು. ಹದಿನಾರನೇ ವಯಸ್ಸಿಗೆ ಊರು ಬಿಟ್ಟ ನನಗೆ ಹಿಡಿಯಲೂ ಬರಲಿಲ್ಲ. ಉಳಿದದ್ದು ತಿನ್ನುವುದೊಂದೇ. ಎರಡು ವರ್ಷದ ಹಿಂದೆ ಜುಲೈಯಲ್ಲಿ ಹೆಂಡತಿ ತೀರಿಕೊಂಡ ಮೇಲೆ ಅದಕ್ಕೂ ಸಂಚಕಾರ ಬಂತು. ಮೂರೇ ತಿಂಗಳಲ್ಲಿ ಡಾಕ್ಟರು ರಕ್ತದೊತ್ತಡ ನೋಡಿ, ಉಪ್ಪು ಬಿಡಿ, ಮೀನು ಬಿಡಬೇಡಿ ಅಂದರು. ಹೇಳುವುದು ಸುಲಭ. ಅಷ್ಟರವರೆಗೆ ನಾನು ಅನ್ನ, ಮಜ್ಜಿಗೆ ಮತ್ತು ಊರಿಂದ ಬಂದ ಒಣಮೀನಿನಲ್ಲಿ ದಿನ ದೂಡುತ್ತಿದ್ದೆ.

ಪುಣೆಯಲ್ಲಿರುವ ಮಗಳು ಫೋನಿನಲ್ಲಿ, "ಅಪ್ಪ, ಈಗ ಎಲ್ಲ ರೆಡಿ ಸಿಗ್ತದೆ. ಬಿಸಿ ಮಾಡಿದ್ರೆ ಮುಗೀತು. ಯಾಕೆ ಒದ್ದಾಡ್ತೀರಿ?" ಅಂದಳು. ಅವಳ ತಲೆಮಾರಿಗೆ ಸಿದ್ಧ ಮೀನು ಹೊಸ ವಸ್ತು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆ ಕಪಾಟಿನ ಎದುರು ನಿಂತು ನಿಂತು, ಬ್ಯಾಂಕಿನಿಂದ ನಿವೃತ್ತನಾದವನಿಗೆ ಬೇರೆ ಕೆಲಸವೂ ಇಲ್ಲದೆ ಅದರ ಬುಡ ಕೆದಕುತ್ತ ಹೋದ ಹಾಗೆ ನನಗೆ ಗೊತ್ತಾದದ್ದು ಬೇರೆಯೇ. ಸಿದ್ಧ ಮೀನು ತಿಂದೇ ನಾವು ಮುಂಬಯಿಯಲ್ಲಿ ಬದುಕಿದ್ದು. ಅದಕ್ಕೆ ಡಬ್ಬಿ ಇರಲಿಲ್ಲ, ಅಷ್ಟೆ.

ನಾನು ಮುಂಬಯಿಗೆ ಬಂದದ್ದು 1974ರಲ್ಲಿ. ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಆ ಹೊತ್ತಿಗೆ ನನ್ನ ತಲೆ ಅರ್ಧ ನರೆತಿತ್ತು. ನನಗಿಂತ ಹಿಂದಿನವರು ಹಡಗಿನಲ್ಲಿ ಬಂದವರು. ಮೊಗವೀರ ವ್ಯವಸ್ಥಾಪಕ ಮಂಡಳಿ ಈ ಊರಿನಲ್ಲಿ ಹುಟ್ಟಿದ್ದೇ 1902ರಲ್ಲಿ ಅಂದಮೇಲೆ ನಮ್ಮವರ ಬರೋಣ ಎಷ್ಟು ಹಳೆಯದು ಅಂತ ಲೆಕ್ಕ ಹಾಕಿಕೊಳ್ಳಿ. ನಾನು ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಹಗಲು ತಟ್ಟೆ ಎತ್ತಿ, ರಾತ್ರಿ ಕನ್ನಡದ ರಾತ್ರಿಶಾಲೆಯಲ್ಲಿ ಕೂತವನು. ಮಲಗುವುದಕ್ಕೆ ಒಂದು ಖೋಲಿ, ಅದರಲ್ಲಿ ಹದಿನಾಲ್ಕು ಜನ, ಪಾಳಿಯಲ್ಲಿ ನಿದ್ದೆ. ಹಗಲಿಡೀ ಈರುಳ್ಳಿ ಸಾಂಬಾರಿನ ಪರಿಮಳದಲ್ಲಿ ಬೆಂದು ಬಂದವರಿಗೆ ರಾತ್ರಿ ಹನ್ನೊಂದಕ್ಕೆ ಬೇಕಾದದ್ದು ಒಂದು ತುಂಡು ಮೀನು. ಆ ಹೊತ್ತಿಗೆ ತಾಜಾ ಮೀನು ಎಲ್ಲಿಂದ? ಸ್ಟವ್ವಿನ ಮೇಲೆ ಒಣ ಬಂಗುಡೆ ಸುಟ್ಟು, ಹಸಿ ತೆಂಗಿನಕಾಯಿ, ಮೆಣಸು, ಹುಣಿಸೆಹಣ್ಣು ಸೇರಿಸಿ ಜಜ್ಜಿದರೆ ಹದಿನಾಲ್ಕು ಜನರ ಊಟ ಇಳಿಯುತ್ತಿತ್ತು. ಮಳೆಗಾಲದ ಮೊದಲು ಅಮ್ಮ ಕಳಿಸುತ್ತಿದ್ದ ಕಟ್ಟು ಬಸ್ಸಿನ ಮಾಡಿನ ಮೇಲೆ ಬರುತ್ತಿತ್ತು. ಹಳೆ ಸೀರೆಯಲ್ಲಿ ಸುತ್ತಿ, ಮೇಲೆ ಗೋಣಿ ಹೊಲಿದು, ಅದರ ಮೇಲೆ ನನ್ನ ಹೆಸರು. ಬಸ್ಸಿನ ಕ್ಲೀನರ್ ನನ್ನನ್ನು ಗುರುತಿಸುತ್ತಿದ್ದದ್ದು ಮುಖದಿಂದಲ್ಲ, ಆ ವಾಸನೆಯಿಂದ.

ಮುಂಬಯಿಯಲ್ಲಿ ಒಣಮೀನಿಗೆ ಬರವಿತ್ತು ಅಂತಲ್ಲ. ಸಸೂನ್ ಡಾಕ್ ನಡೆದು ಹೋಗುವ ದೂರದಲ್ಲೇ ಇತ್ತು. 1875ರಲ್ಲಿ ಹತ್ತಿ ಸಾಗಿಸಲೆಂದು ಕಟ್ಟಿದ ಹಡಗುಕಟ್ಟೆ ಅದು. ಕಾಲಕ್ರಮೇಣ ಹತ್ತಿ ಹೋಗಿ ಮೀನು ಉಳಿಯಿತು. ವರ್ಸೋವದ ಕೋಳಿಗರು ಬಿದಿರಿನ ಚೌಕಟ್ಟು ನಿಲ್ಲಿಸಿ ಬೊಂಬಿಲ್ ಮೀನನ್ನು ಬಟ್ಟೆ ಹರವಿದ ಹಾಗೆ ಒಣಗಿಸುವುದನ್ನು ನಾನು ಮೊದಲ ಸಲ ನೋಡಿದಾಗ ಆಶ್ಚರ್ಯವಾದದ್ದು, ಅದಕ್ಕೆ ಅವರು ಉಪ್ಪೇ ಹಾಕುವುದಿಲ್ಲ! ಬರೀ ಗಾಳಿ, ಬಿಸಿಲು. ನಮ್ಮ ಬಂಗುಡೆ, ಬೂತಾಯಿಯನ್ನು ಹಾಗೆ ಮಾಡಿದರೆ ಕೊಳೆತು ನಾರುತ್ತದೆ. ಬೊಂಬಿಲಿನ ಮೈಯಲ್ಲಿ ನೀರು ಹೆಚ್ಚು, ಎಣ್ಣೆ ಕಡಿಮೆ. ನಮ್ಮ ಮೀನಿನಲ್ಲಿ ಎಣ್ಣೆ ಜಾಸ್ತಿ. ಎಣ್ಣೆಯ ಮೀನು ಒಣಗುವ ಮೊದಲೇ ಕಮಟು ಹಿಡಿಯುತ್ತದೆ. ಉಪ್ಪಿಲ್ಲದೆ ಅದು ಉಳಿಯುವುದಿಲ್ಲ. ಈ ಒಂದು ವ್ಯತ್ಯಾಸದಿಂದಾಗಿ ನಮ್ಮ ಕರಾವಳಿಯ ಮೀನಿನ ಚರಿತ್ರೆಯೆಂದರೆ ಮುಕ್ಕಾಲು ಪಾಲು ಉಪ್ಪಿನ ಚರಿತ್ರೆ ಆಯಿತು.

ಉಪ್ಪಿನ ಮೇಲೆ ಸರಕಾರದ ಸುಂಕ ಇದ್ದ ಕಾಲ. ನಮ್ಮ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು, ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರು. ಎರಡೂ ಕಡೆ ಉಪ್ಪು ಮೀನಿಗಿಂತ ದುಬಾರಿ ಅನ್ನಿಸುವ ಹಾಗಿತ್ತು. ಒಂದು ಬಲೆ ತುಂಬ ಬೂತಾಯಿ ಬಿದ್ದರೆ ಹಾಕಲು ಉಪ್ಪಿಲ್ಲ. ಬಡವರು ಉಪ್ಪು ಮಣ್ಣನ್ನು ಕೆರೆದು ತಂದು ಮೀನಿಗೆ ಬಳಿಯುತ್ತಿದ್ದರು. ಅದನ್ನು ತಿಂದವರ ಹೊಟ್ಟೆ ಕೆಡುತ್ತಿತ್ತು. ಉಳಿದ ಮೀನು ತೆಂಗಿನ ಬುಡಕ್ಕೆ ಗೊಬ್ಬರ. ಮೀನುಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಫ್ರಾನ್ಸಿಸ್ ಡೇ ಎಂಬ ಸೇನಾ ವೈದ್ಯ 1870ರ ದಶಕದಲ್ಲಿ ಈ ವಿಷಯವನ್ನು ಸರಕಾರದ ಕಿವಿಗೆ ಹಾಕಿದ. ಆಮೇಲೆ ಪಶ್ಚಿಮ ಕರಾವಳಿಯುದ್ದಕ್ಕೂ ಮೀನಿಗೆ ಉಪ್ಪು ಹಾಕುವ ಸರಕಾರಿ ಯಾರ್ಡುಗಳು ಬಂದವು. ಬೇಲಿ ಹಾಕಿದ ಅಂಗಳ. ಒಳಗೆ ಮೀನು ತರಬೇಕು, ಸುಂಕವಿಲ್ಲದ ಉಪ್ಪನ್ನು ಅಲ್ಲಿಯೇ ಕೊಳ್ಳಬೇಕು, ಅಲ್ಲಿಯೇ ಹಾಕಬೇಕು. ಒಂದು ಹಿಡಿ ಉಪ್ಪು ಕೂಡ ಹೊರಗೆ ಹೋಗುವ ಹಾಗಿಲ್ಲ.

ನನ್ನ ಅಜ್ಜಿ ಚಿಕ್ಕವಳಿದ್ದಾಗ ಇಂಥ ಯಾರ್ಡಿನಲ್ಲಿ ಕೆಲಸ ಮಾಡಿದವಳು. ಸಂಜೆ ಹೊರಗೆ ಬರುವಾಗ ಹೆಂಗಸರ ಸೆರಗಿನ ತುದಿ ಬಿಚ್ಚಿಸಿ ನೋಡುತ್ತಿದ್ದರಂತೆ. "ಮೀನಿಗೆ ಹಾಕಲಿಕ್ಕೆ ಉಪ್ಪು ಉಂಟು, ಮನೆಯ ಗಂಜಿಗೆ ಇಲ್ಲ" ಅಂತ ಅವಳು ಹೇಳುವಾಗ ಅದರಲ್ಲಿ ಸಿಟ್ಟಿರಲಿಲ್ಲ, ನಗುತ್ತಲೇ ಹೇಳುತ್ತಿದ್ದಳು. ನನಗೆ ಈಗ ಸಿಟ್ಟು ಬರುತ್ತದೆ. 1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಅದನ್ನು ದೇಶಭಕ್ತಿಯ ಪಾಠವಾಗಿ ಓದಿದೆವೇ ಹೊರತು ಅದರ ಹಿಂದೆ ಒಣಮೀನಿನ ವಾಸನೆ ಇದೆ ಅಂತ ಯಾವ ಮಾಸ್ತರರೂ ಹೇಳಲಿಲ್ಲ. ಉಪ್ಪಿನ ಸುಂಕ ಕೊನೆಗೂ ಹೋದದ್ದು 1947ರಲ್ಲಿ. ಅಜ್ಜಿಗೆ ಉಪ್ಪಿನ ಮೇಲೆ ಆಸೆ ಎಷ್ಟಿತ್ತೆಂದರೆ ಕೊನೆಯವರೆಗೂ ಪ್ರತಿ ಪದಾರ್ಥಕ್ಕೂ ಒಂದು ಚಿಟಿಕೆ ಹೆಚ್ಚೇ ಹಾಕುತ್ತಿದ್ದಳು. ಆ ನಾಲಿಗೆಯೇ ಅಮ್ಮನಿಗೆ ಬಂತು, ಅಮ್ಮನಿಂದ ನನಗೆ ಬಂತು. ಡಾಕ್ಟರಿಗೆ ಇದನ್ನೆಲ್ಲ ಹೇಗೆ ವಿವರಿಸುವುದು?

ಅದೇ ಅಜ್ಜಿಯ ಇನ್ನೊಂದು ಕಟ್ಟುನಿಟ್ಟು: ಬಂಗುಡೆ ದಡಕ್ಕೆ ಬಂದರೆ ದೀಪ ಹಚ್ಚುವ ಮೊದಲು ಅದಕ್ಕೆ ಉಪ್ಪು ಬಿದ್ದಿರಬೇಕು. ತಡವಾದರೆ ಆ ಮೀನನ್ನು ಮನೆಯೊಳಗೆ ತರಲು ಬಿಡುತ್ತಿರಲಿಲ್ಲ. ಇದರ ಅರ್ಥ ನನಗಾಗಲು ಅರವತ್ತು ವರ್ಷ ಬೇಕಾಯಿತು. ನಾಲ್ಕು ವರ್ಷದ ಹಿಂದೆ, ಹೆಂಡತಿ ಬದುಕಿದ್ದಾಗಲೇ, ಅವಳು ಪುಣೆಗೆ ಹೋದ ಒಂದು ಶನಿವಾರ ನಾನು ಧೈರ್ಯ ಮಾಡಿ ಒಂದು ದೊಡ್ಡ ಅಂಗಡಿಯ ತಂಪುಪೆಟ್ಟಿಗೆಯಿಂದ ಕರಿದ ಬಂಗುಡೆಯ ತಟ್ಟೆಯೊಂದನ್ನು ತಂದೆ. ಮೇಲೆ ಪ್ಲಾಸ್ಟಿಕ್ ಹಾಳೆ, ತಾರೀಕು ಸರಿಯಾಗಿತ್ತು, ವಾಸನೆ ಇರಲಿಲ್ಲ. ಬಿಸಿ ಮಾಡಿ ತಿಂದೆ. ನಾಲಗೆಗೆ ಸ್ವಲ್ಪ ಮೆಣಸು ಚುರುಗುಟ್ಟಿದ ಹಾಗಾಯಿತು, ಮಸಾಲೆಯೇ ಇರಬೇಕು ಅಂದುಕೊಂಡೆ. ಅರ್ಧ ಗಂಟೆಯಲ್ಲಿ ಮುಖ, ಎದೆ ಕೆಂಪಗೆ, ತಲೆ ಸಿಡಿತ, ಎದೆ ಡವಡವ. ಹೃದಯಾಘಾತವೇ ಸೈ ಅಂತ ಪಕ್ಕದ ಮನೆಯವರನ್ನು ಎಬ್ಬಿಸಿಕೊಂಡು ಡಾಕ್ಟರ ಹತ್ತಿರ ಓಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಾಂಗಡಾ ತಿಂದಿರಾ?"

ಬಂಗುಡೆ, ಟ್ಯೂನಾದಂಥ ಮೀನುಗಳು ಹಿಡಿದ ಮೇಲೆ ಐಸಿಲ್ಲದೆ ಉಳಿದರೆ ಅವುಗಳ ಮೈಯಲ್ಲಿ ಹಿಸ್ಟಮಿನ್ ಅನ್ನುವ ವಸ್ತು ಹುಟ್ಟಿಕೊಳ್ಳುತ್ತದೆ. ಮೀನು ನೋಡಲು ಚೆನ್ನಾಗಿಯೇ ಇರಬಹುದು. ಒಮ್ಮೆ ಹುಟ್ಟಿದ ಹಿಸ್ಟಮಿನ್ ಬೇಯಿಸಿದರೆ ಹೋಗುವುದಿಲ್ಲ, ಕರಿದರೆ ಹೋಗುವುದಿಲ್ಲ, ಡಬ್ಬಿಗೆ ಹಾಕಿ ಕುದಿಸಿದರೂ ಹೋಗುವುದಿಲ್ಲ. ನನ್ನ ತಟ್ಟೆಯ ಬಂಗುಡೆ ದೋಣಿಯಲ್ಲಿ ಕೆಟ್ಟಿತೋ, ಲಾರಿಯಲ್ಲೋ, ಆ ಅಂಗಡಿಯಲ್ಲಿ ಕರೆಂಟು ಹೋದಾಗಲೋ ಯಾರಿಗೆ ಗೊತ್ತು. ಎರಡು ಮಾತ್ರೆಗೆ ಎಲ್ಲ ಇಳಿಯಿತು. ಪುಣೆಯಿಂದ ಬಂದ ಹೆಂಡತಿ ಮಾತ್ರ ಒಂದು ವಾರ ಬಿಡಲಿಲ್ಲ. "ಮೊಗವೀರರ ಮನೆಯಲ್ಲಿ ಹುಟ್ಟಿ ಅಂಗಡಿಯ ಬಂಗುಡೆ ತಿಂದ್ರಲ್ಲ, ನಿಮ್ಮ ಅಜ್ಜಿ ಇದ್ದಿದ್ರೆ ಪೊರಕೆ ತಗೊಳ್ತಿದ್ರು." ನಿಜವೇ. ದೀಪ ಹಚ್ಚುವ ಮೊದಲು ಅನ್ನುವ ಆ ನಿಯಮಕ್ಕೆ ವಿಜ್ಞಾನದ ಹೆಸರು ಅವಳಿಗೆ ಗೊತ್ತಿರಲಿಲ್ಲ, ಅಷ್ಟೆ.

ಇನ್ನು ಡಬ್ಬಿಯ ಕಥೆ. ಅದು ಶುರುವಾದದ್ದು ಫ್ರಾನ್ಸಿನಲ್ಲಿ. ಸೈನ್ಯಕ್ಕೆ ಕೆಡದ ಆಹಾರ ಬೇಕಿತ್ತು. ನಿಕೊಲಾ ಅಪೇರ್ ಎಂಬ ಮಿಠಾಯಿಗಾರ ಗಾಜಿನ ಬಾಟ್ಲಿಯಲ್ಲಿ ಆಹಾರ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟು ಉಳಿಸುವುದನ್ನು ಕಂಡುಹಿಡಿದು 1810ರಲ್ಲಿ 12,000 ಫ್ರಾಂಕ್ ಬಹುಮಾನ ಪಡೆದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡ್ ತವರ ಲೇಪಿಸಿದ ತಗಡಿನ ಡಬ್ಬಿಗೆ ಹಕ್ಕುಪತ್ರ ತೆಗೆದುಕೊಂಡ. ತಮಾಷೆಯೆಂದರೆ ಡಬ್ಬಿ ತೆರೆಯುವ ಸಲಕರಣೆ ಬಂದದ್ದು ನಾಲ್ಕೈದು ದಶಕ ಕಳೆದ ಮೇಲೆ. ಅಲ್ಲಿಯವರೆಗೆ ಉಳಿ, ಸುತ್ತಿಗೆ. ಆಹಾರ ಯಾಕೆ ಕೆಡುವುದಿಲ್ಲ ಅನ್ನುವುದು ಅಪೇರನಿಗೂ ಗೊತ್ತಿರಲಿಲ್ಲ, ಅದನ್ನು ಹೇಳಲು ಪಾಸ್ಚರ್ ಬರಬೇಕಾಯಿತು.

ಈ ವಿದ್ಯೆ ನಮ್ಮ ಕರಾವಳಿಗೆ ಬಂದದ್ದು ಒಬ್ಬ ಐಸಿಎಸ್ ಅಧಿಕಾರಿಯ ಹಟದಿಂದ. ಸರ್ ಫ್ರೆಡರಿಕ್ ನಿಕಲ್ಸನ್. ಸಹಕಾರಿ ಸಂಘಗಳ ಚರಿತ್ರೆ ಓದಿದವರಿಗೆ ಈ ಹೆಸರು ಗೊತ್ತು. ರೈತರಿಗೆ ಸಾಲದ ಸಂಘ ಬೇಕು ಅಂತ 1895ರಲ್ಲೇ ದೊಡ್ಡ ವರದಿ ಕೊಟ್ಟವನು. ನಮ್ಮ ಗದಗದ ಕಣಗಿನಹಾಳದಲ್ಲಿ 1905ರಲ್ಲಿ ಸಂಘ ಹುಟ್ಟಿದ್ದರ ಹಿಂದೆ ಆ ವಿಚಾರದ ಹೊಳೆಯೇ ಇದೆ. ಅದೇ ಮನುಷ್ಯ ಆಮೇಲೆ ಮೀನಿನ ಹಿಂದೆ ಬಿದ್ದ. ಜಪಾನಿಗೆ ಹೋಗಿ ಅಲ್ಲಿಯ ಮೀನುಗಾರಿಕೆ ನೋಡಿ ಬಂದ. ಮದರಾಸು ಪ್ರಾಂತ್ಯದಲ್ಲಿ 1907ರಲ್ಲಿ ಮೀನುಗಾರಿಕೆಗೆಂದೇ ಇಲಾಖೆ ಬರುವುದಕ್ಕೆ ಅವನೇ ಕಾರಣ. ಕಲ್ಲಿಕೋಟೆಯ ದಕ್ಷಿಣಕ್ಕಿರುವ ಬೇಪೂರು, ಚಾಲಿಯಂ ಕಡೆ ಬೂತಾಯಿಯನ್ನು ಫ್ರಾನ್ಸಿನವರ ಹಾಗೆ ಎಣ್ಣೆಯಲ್ಲಿ ಡಬ್ಬಿಗೆ ತುಂಬುವ ಪ್ರಯೋಗ ನಡೆಯಿತು. ಪೇಟೆಗೆ ಹೋಗಲಾರದ ಮೀನಿನಿಂದ ಎಣ್ಣೆ ತೆಗೆದು ಹಿಂಡಿಯನ್ನು ಗೊಬ್ಬರ ಮಾಡುವ ಸಣ್ಣ ಕಾರ್ಖಾನೆಗಳು ಮಲಬಾರಿನಿಂದ ನಮ್ಮ ದಕ್ಷಿಣ ಕನ್ನಡದವರೆಗೆ ಹುಟ್ಟಿಕೊಂಡವು.

ಡಬ್ಬಿ ಮಾತ್ರ ಬಡವನ ಮನೆಗೆ ಬರಲಿಲ್ಲ. ಕಾರಣ ಮೀನಲ್ಲ, ತಗಡು. ತಗಡು ಹೊರದೇಶದಿಂದ ಬರಬೇಕು. ಒಳಗಿನ ಬೂತಾಯಿಗಿಂತ ಹೊರಗಿನ ಡಬ್ಬಿಗೆ ಹೆಚ್ಚು ಬೆಲೆ. ಅದೂ ಅಲ್ಲದೆ ಕಡಲ ಬದಿಯವನಿಗೆ ಡಬ್ಬಿ ಯಾಕೆ ಬೇಕು? ಡಬ್ಬಿ ಬೇಕಾದದ್ದು ಕಡಲಿನಿಂದ ದೂರ ಹೋದವನಿಗೆ. ಅವನ ಹತ್ತಿರ ದುಡ್ಡಿರಲಿಲ್ಲ. ಅವನಿಗೆ ಅಮ್ಮನ ಗೋಣಿಕಟ್ಟೇ ಗತಿ.

ಊರಿನಲ್ಲಿ ಅಷ್ಟು ಹೊತ್ತಿಗೆ ಮೀನಿನ ದಾರಿಯೇ ಬದಲಾಯಿತು. ನಾನು ಊರು ಬಿಟ್ಟ ಒಂದೆರಡು ವರ್ಷಕ್ಕೆ, 1975ರ ಸುಮಾರಿಗೆ, ಪರ್ಸೀನ್ ಬಲೆ ಬಂತು. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಅಪ್ಪನ ಕಾಗದಗಳಲ್ಲಿ ಮೊದಲು ಮೀನಿನ ಸುದ್ದಿ ಇರುತ್ತಿತ್ತು, ಆಮೇಲೆ ಹಣ ಕಳಿಸು ಅನ್ನುವುದು ಮಾತ್ರ. ಆ ವಿಷಯ ಬರೆದರೆ ಬೇರೆಯೇ ಪ್ರಬಂಧವಾದೀತು. ಇಲ್ಲಿಗೆ ಬೇಕಾದದ್ದು ಇಷ್ಟೆ: ಮೀನು ರಾಶಿ ರಾಶಿಯಾಗಿ ಒಮ್ಮೆಗೇ ದಡಕ್ಕೆ ಬರತೊಡಗಿತು, ಉಪ್ಪಿನ ಜಾಗಕ್ಕೆ ಐಸು ಬಂತು, ಹೆಂಗಸರ ಬುಟ್ಟಿಯ ಜಾಗಕ್ಕೆ ಲಾರಿ ಬಂತು. ಇವತ್ತು ಕರಾವಳಿಯ ಬೂತಾಯಿಯಲ್ಲಿ ಬೇಕಾದಷ್ಟು ಪಾಲು ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಪುಡಿಯಾಗುತ್ತದೆ, ಸಾಕಿದ ಸಿಗಡಿಯ ಹೊಟ್ಟೆ ಸೇರುತ್ತದೆ. ನಿಕಲ್ಸನ್ ಕಾಲದಲ್ಲಿ ತೆಂಗಿಗೆ ಗೊಬ್ಬರ, ಈಗ ಸಿಗಡಿಗೆ ಮೇವು. ಮನುಷ್ಯ ತಿನ್ನಬಹುದಾದ ಅತಿ ಒಳ್ಳೆಯ ಮೀನುಗಳಲ್ಲಿ ಒಂದರ ಹಣೆಬರಹ ಇದು.

ತಗಡಿನ ಸಮಸ್ಯೆಗೆ ಉತ್ತರ ಬಂದದ್ದು ಚೀಲದ ರೂಪದಲ್ಲಿ. ಪಾಲಿಯೆಸ್ಟರ್, ಅಲ್ಯುಮಿನಿಯಂ ಹಾಳೆ, ಪಾಲಿಪ್ರೊಪಿಲೀನ್ ಮೂರನ್ನೂ ಅಂಟಿಸಿದ ಚೀಲ. ಅದರಲ್ಲಿ ಪದಾರ್ಥ ತುಂಬಿ ಸೀಲು ಮಾಡಿ, ದೊಡ್ಡ ಪ್ರೆಶರ್ ಕುಕ್ಕರಿನಂಥ ರಿಟಾರ್ಟ್ ಯಂತ್ರದಲ್ಲಿ ಸುಮಾರು 121 ಡಿಗ್ರಿ ಶಾಖ ಕೊಡುತ್ತಾರೆ. ಬರೀ ಕುದಿಯುವ ನೀರಿಗೆ ಸಾಯದ ಬಾಟ್ಯುಲಿಸಮ್ ರೋಗಾಣುವಿನ ಬೀಜ ಆ ಶಾಖಕ್ಕೆ ಸಾಯುತ್ತದೆ. ಚೀಲ ತೆಳ್ಳಗಿರುವುದರಿಂದ ಶಾಖ ಬೇಗ ನಡುವಿಗೆ ಮುಟ್ಟುತ್ತದೆ, ಮೀನು ಡಬ್ಬಿಯಲ್ಲಿ ಆಗುವಷ್ಟು ಮುದ್ದೆಯಾಗುವುದಿಲ್ಲ. ಜಪಾನಿನವರು 1968ರಲ್ಲಿ ಹೀಗೆ ಸಾರು ಮಾರಿದರು. ನಮ್ಮಲ್ಲಿ ಇದರ ಕೆಲಸ ನಡೆದದ್ದು ಕಡಲೇ ಇಲ್ಲದ ಮೈಸೂರಿನಲ್ಲಿ! 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ ಗಡಿಯಲ್ಲಿರುವ ಸೈನಿಕರಿಗೆಂದು ಇಂಥ ಚೀಲದ ಊಟ ತಯಾರಿಸಿತು. ನೀವು ಅಂಗಡಿಯಲ್ಲಿ ನೋಡುವ ಚೀಲದ ಬಿಸಿಬೇಳೆ ಬಾತಿನ ಅಜ್ಜನಮನೆ ಅದೇ. ಮೀನಿನ ಸಾರನ್ನು ಹಾಗೆ ಚೀಲಕ್ಕೆ ಹಾಕುವ ಕೆಲಸವನ್ನು ಕೊಚ್ಚಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಮಾಡಿತು. ಅಪೇರ್ ಮಾಡಿದ್ದೂ ಸೈನಿಕನಿಗಾಗಿ, ಮೈಸೂರಿನವರು ಮಾಡಿದ್ದೂ ಸೈನಿಕನಿಗಾಗಿ. ಮನೆಯಿಂದ ದೂರ ಇರುವವನ ಹೊಟ್ಟೆಯ ಚಿಂತೆ ಮೊದಲು ಬಂದದ್ದು ಸೈನ್ಯಕ್ಕೆ.

ಹಾಗಾದರೆ ಕಪಾಟಿನ ಎದುರು ನಿಂತು ನಾನು ಏನು ನೋಡುತ್ತೇನೆ? ಮೊದಲು ಮೀನಿನ ಹೆಸರು. ನಾನು ಬೂತಾಯಿ, ಬಂಗುಡೆಯ ಪಕ್ಷ. ಪಕ್ಷಪಾತ ಅನ್ನಿ. ಆದರೆ ಹೃದಯಕ್ಕೆ ಒಳ್ಳೆಯದು ಅನ್ನುವ ಒಮೆಗಾ-3 ಕೊಬ್ಬು ಇವುಗಳಲ್ಲಿ ಧಾರಾಳ, ಸಣ್ಣ ಮೀನಾದ್ದರಿಂದ ಪಾದರಸದ ಭಯ ಕಡಿಮೆ. ದೊಡ್ಡ ಮೀನು ಸಣ್ಣದನ್ನು ತಿಂದು ತಿಂದು ಪಾದರಸವನ್ನು ಮೈಯಲ್ಲಿ ಕೂಡಿಸಿಕೊಳ್ಳುತ್ತದೆ. ಕಪಾಟಿನ ಬಹುಪಾಲು ತುಂಬಿರುವುದು ಟ್ಯೂನಾ. ಅದರಲ್ಲಿ ಮಾಂಸಸತ್ವ ಚೆನ್ನಾಗಿ ಉಂಟು, ಕೊಬ್ಬು ಕಡಿಮೆ; ಅಪರೂಪಕ್ಕೆ ಆದೀತು. ಡಬ್ಬಿಯ ಬೂತಾಯಿಯ ಮುಳ್ಳು ಮೆತ್ತಗೆ ಬೆಂದಿರುತ್ತದೆ, ಅದನ್ನು ತೆಗೆದು ಎಸೆಯಬಾರದು. ಈ ವಯಸ್ಸಿನ ಮೂಳೆಗೆ ಬೇಕಾದ ಸುಣ್ಣ ಇರುವುದೇ ಅದರಲ್ಲಿ. ಅಂದಹಾಗೆ ಇಲ್ಲಿ ಇಂಗ್ಲಿಷಿನಲ್ಲಿ ಇಂಡಿಯನ್ ಸಾಲ್ಮನ್ ಅಂತ ಬರೆದಿರುವುದು ರಾವಸ್. ಒಳ್ಳೆಯ ಮೀನೇ, ಆದರೆ ಸಾಲ್ಮನ್ನಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಹೆಸರಿಗೆ ದುಡ್ಡು ಕೊಡಬೇಡಿ.

ಎರಡನೆಯದು ಉಪ್ಪು. ನನ್ನ ಮಟ್ಟಿಗೆ ಇದೇ ಮುಖ್ಯ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಉಪ್ಪು ಅಂತ ಬರೆದಿರುವುದಿಲ್ಲ, ಸೋಡಿಯಂ ಅಂತ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಬೇಕು. 100 ಗ್ರಾಮಿಗೆ ಸೋಡಿಯಂ 400 ಮಿಲಿಗ್ರಾಂ ಇದ್ದರೆ ಒಂದು ಗ್ರಾಂ ಉಪ್ಪು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪು ಹಾಕಿದ ಒಣಮೀನಿನಲ್ಲಿ 100 ಗ್ರಾಮಿಗೆ 10 ಗ್ರಾಂ ದಾಟುವುದು ಏನೂ ವಿಶೇಷವಲ್ಲ. ಈ ಲೆಕ್ಕ ಹಾಕಿದ ದಿನ ನಾನು ಗೋಣಿಕಟ್ಟನ್ನು ಅಟ್ಟದ ಮೇಲಿಟ್ಟೆ. ನನ್ನ ಅಮ್ಮ ಪ್ರೀತಿಯಿಂದ ಕಳಿಸಿದ್ದನ್ನೇ ಐವತ್ತು ವರ್ಷ ತಿಂದು ಈ ಒತ್ತಡ ತಂದುಕೊಂಡೆ ಅನ್ನಲು ಮನಸ್ಸು ಒಪ್ಪುವುದಿಲ್ಲ. ಲೆಕ್ಕ ಮಾತ್ರ ಹಾಗೆಯೇ ಹೇಳುತ್ತದೆ, ಬ್ಯಾಂಕಿನವನು ಲೆಕ್ಕಕ್ಕೆ ಎದುರಾಡಲಾರೆ. ಚೀಲದ ಸಾರೂ ಉಪ್ಪಿನಲ್ಲಿ ಕಡಿಮೆಯಿಲ್ಲ, ಕೆಲವು ಉಪ್ಪಿನಕಾಯಿಯ ಹಾಗಿರುತ್ತವೆ. ಎಣ್ಣೆಯಲ್ಲೋ ನೀರಿನಲ್ಲೋ ಇಟ್ಟ ಬರೀ ಮೀನು ತಂದು ಮನೆಯಲ್ಲೇ ಹುಳಿ, ಕಾರ ಸೇರಿಸಿದರೆ ಉಪ್ಪಿನ ಲಗಾಮು ನಮ್ಮ ಕೈಯಲ್ಲಿ.

ಬ್ರೆಡ್ಡಿನ ಪುಡಿ ಹಚ್ಚಿದ್ದನ್ನು ನಾನು ಮೀನಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಂಬದಿ ಓದಿ, ಮೀನು ಎಷ್ಟು, ಹಿಟ್ಟು ಎಷ್ಟು ಗೊತ್ತಾಗುತ್ತದೆ. ಡಬ್ಬಿಯ ಮೇಲೂ ಎರಡು ತೂಕ ಇರುತ್ತದೆ. ನೀರು ಬಸಿದ ಮೇಲಿನದು ನಿಜವಾದದ್ದು. ಉಬ್ಬಿದ ಡಬ್ಬಿ, ಗಾಳಿ ತುಂಬಿದ ಚೀಲ, ಅಂಚಿನಲ್ಲಿ ಜಜ್ಜಿದ್ದು ಪುಕ್ಕಟೆ ಕೊಟ್ಟರೂ ಬೇಡ. ತೆರೆದ ಮೇಲೆ ಉಳಿದದ್ದನ್ನು ಸ್ಟೀಲಿನ ಪಾತ್ರೆಗೆ ಸುರಿದು ಫ್ರಿಜ್ಜಿನಲ್ಲಿಟ್ಟು ಮರುದಿನ ಮುಗಿಸುತ್ತೇನೆ. ತಂಪುಪೆಟ್ಟಿಗೆಯ ಕರಿದ ಬಂಗುಡೆಯ ಕಡೆ ತಿರುಗಿಯೂ ನೋಡುವುದಿಲ್ಲ.

ತಾಜಾ ಮೀನೇ ಎಲ್ಲಕ್ಕಿಂತ ಮೇಲು ಅನ್ನುವವರಿಗೆ ನಾನು 2018ನ್ನು ನೆನಪಿಸುತ್ತೇನೆ. ಆ ವರ್ಷ ಮೀನಿಗೆ ಫಾರ್ಮಾಲಿನ್ ಹಾಕುತ್ತಾರೆ ಅಂತ ಕೇರಳ, ಗೋವಾದಲ್ಲಿ ದೊಡ್ಡ ಗದ್ದಲವಾಯಿತು. ಹೆಣ ಕೆಡದಂತೆ ಇಡುವ ಮದ್ದು ಅದು. ಐಸಿನ ಖರ್ಚು ಉಳಿಸಲು ಹೋದವರ ಕೆಲಸ. ಹಾಗೆಂದು ಎಲ್ಲ ಮಾರುವವರನ್ನೂ ಶಂಕಿಸಬೇಕಿಲ್ಲ. ಗೊರಾಯಿಯಿಂದ ಬರುವ ನಮ್ಮ ಮಾವಶಿ ಮೂವತ್ತು ವರ್ಷದಿಂದ ನಮ್ಮ ಮನೆಗೆ ಮೀನು ಕೊಟ್ಟವಳು, ಹೆಂಡತಿ ಹೋದ ದಿನ ಬುಟ್ಟಿ ಮುಚ್ಚಿ ಬಂದು ಮೆಟ್ಟಿಲ ಮೇಲೆ ಕೂತಿದ್ದವಳು. ಒಂದು ದಿನ ಅವಳೆದುರೇ ನನ್ನ ಚೀಲದಿಂದ ಡಬ್ಬಿ ಹೊರಳಿ ಬಿತ್ತು. ಎತ್ತಿ ಕೈಗೆ ಕೊಟ್ಟು, "ಭಾವೂ, ಕೊಯ್ದು ಕೊಡುತ್ತೇನೆ, ಬೇಯಿಸುವುದನ್ನು ಮಾತ್ರ ಕಲಿಯಿರಿ" ಅಂದಳು. ಅಂದಿನಿಂದ ವಾರಕ್ಕೆ ಒಂದು ದಿನ ಅವಳ ಮೀನು, ಒಂದು ದಿನ ಡಬ್ಬಿ. ಕಲಿಯುತ್ತಿದ್ದೇನೆ.

ಆದರೆ ಹೆಂಡತಿ ಹೋದದ್ದು ಜುಲೈಯಲ್ಲಿ. ಜೂನ್ ಒಂದರಿಂದ ಎರಡು ತಿಂಗಳು ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಸರಿಯಾದ ಕಾನೂನೇ. ಮಾವಶಿಯ ಬುಟ್ಟಿಯಲ್ಲಿ ಆಗ ಸಿಗುವುದು ಐಸಿನಲ್ಲಿಟ್ಟ ಹಳೆಯದು, ಅದಕ್ಕೆ ಚಿನ್ನದ ಬೆಲೆ; ಅವಳೇ ಬೇಡ ಅನ್ನುತ್ತಾಳೆ. ನಮ್ಮ ಹಿರಿಯರು ಒಣಮೀನು ಮಾಡಿಟ್ಟದ್ದೇ ಈ ಎರಡು ತಿಂಗಳಿಗಾಗಿ. ತೀರಿಹೋದವರಿಗೆ ಅವರ ದಿನದಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸುವ ಕ್ರಮ ನಮ್ಮಲ್ಲಿ ಉಂಟು. ಅವಳಿಗೆ ಇಷ್ಟ ಬಂಗುಡೆಯ ಪುಳಿಮುಂಚಿ. ಮೊದಲ ವರ್ಷ ನೆಂಟರೊಬ್ಬರು ಮಾಡಿ ತಂದರು. ಈ ವರ್ಷ ಮಗಳೂ ನಾನೂ ಇಬ್ಬರೇ.

ಹಿಂದಿನ ದಿನ ಕಪಾಟಿನ ಎದುರು ಬಹಳ ಹೊತ್ತು ನಿಂತೆ. ಅಟ್ಟದ ಮೇಲೆ ಅಮ್ಮನ ಕಾಲದಿಂದ ಬಂದ ಕ್ರಮದ ಒಣಮೀನು ಉಂಟು. ಅದನ್ನು ಬಡಿಸಿದರೆ ಯಾರೂ ಆಕ್ಷೇಪ ಮಾಡುವುದಿಲ್ಲ. ಆದರೆ ಬಡಿಸಿದ್ದನ್ನು ಆಮೇಲೆ ನಾನೂ ತಿನ್ನಬೇಕು. ಕೊನೆಗೆ ಬಂಗುಡೆಯ ಎರಡು ಡಬ್ಬಿ ತಂದೆ. ನೀರು ಬಸಿದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಮೆಂತೆ ಹುರಿದು, ಹುಣಿಸೆಹುಳಿ ಹಾಕಿ ಮಗಳು ಅರೆದಳು, ಅವಳ ಅಮ್ಮ ಹೇಳಿಕೊಟ್ಟ ಹಾಗೆ. ಬೆಂದ ಮೀನಾದ್ದರಿಂದ ಕೊನೆಯಲ್ಲಿ ಮೆಲ್ಲಗೆ ಇಳಿಸಿ ಒಂದೇ ಕುದಿ. ಉಪ್ಪಿನ ಡಬ್ಬಿ ಕೈಗೆ ತೆಗೆದುಕೊಂಡವಳು ನನ್ನ ಮುಖ ನೋಡಿ ವಾಪಸ್ಸಿಟ್ಟಳು.

ಎಲೆ ಹಾಕಿ ಬಡಿಸಿ ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ನಿಂತೆವು. ಮಳೆ ಬರುತ್ತಿತ್ತು. ಆಮೇಲೆ ಒಳಗೆ ಬಂದು ಇಬ್ಬರೂ ಕೂತೆವು. ಮಗಳು ಒಂದು ತುತ್ತು ತಿಂದು, "ಅಪ್ಪ, ಅಮ್ಮ ಇದ್ದಿದ್ರೆ ಉಪ್ಪು ಸಾಲದು ಅಂತಿದ್ರು" ಅಂದಳು.

"ಅನ್ನುತ್ತಿದ್ದಳು" ಅಂದೆ, ಇನ್ನೊಂದು ತುಂಡು ಹಾಕಿಸಿಕೊಂಡೆ.